ಮನೆಯೊಡೆಯನೂ ಗುತ್ತಿಗೆದಾರನೂ: ಪ್ರಾಚೀನ ರೋಮಿನ ಕೆಲವು ದಾಖಲೆಗಳು

ಕ್ರಿ.ಪೂ. 54ರ ಸೆಪ್ಟೆಂಬರ್ ತಿಂಗಳು. ರೋಮಿನ ಪ್ರಸಿದ್ಧ ವಾಗ್ಮಿ ಸಿಸೆರೊ ತನ್ನ ತಮ್ಮ ಕ್ವಿಂಟಸನ ಹಳ್ಳಿಮನೆಯ ಕಟ್ಟಡ ಎಲ್ಲಿಯವರೆಗೆ ಬಂದಿದೆಯೆಂದು ನೋಡಲು ಹೋದನು. ತಮ್ಮ ಊರಿನಲ್ಲಿರಲಿಲ್ಲ. ಅವನು ಜೂಲಿಯಸ್ ಸೀಸರನ ಅಧಿಕಾರಿಯಾಗಿ ಗಾಲ್ ಮತ್ತು ಬ್ರಿಟನ್ನಿನ ದಂಡಯಾತ್ರೆಯಲ್ಲಿದ್ದನು. ಕಟ್ಟಡದ ಹೊಣೆ ಹೊತ್ತಿದ್ದವನು ಡಿಫಿಲಸ್. ಸ್ನಾನಗೃಹ, ಅಡ್ಡಾಡುವ ಹಾದಿ, ಹಕ್ಕಿಗಳ ಮನೆ ಇನ್ನೂ ಬಾಕಿಯಿದ್ದವು. ಅದಕ್ಕಿಂತ ಹೆಚ್ಚಿನ ಚಿಂತೆಯ ಸಂಗತಿ ಬೇರೊಂದಿತ್ತು: ನಿಲ್ಲಿಸಿದ್ದ ಕೆಲವು ಕಂಬಗಳು ನೆಟ್ಟಗೂ ಇರಲಿಲ್ಲ, ಒಂದಕ್ಕೊಂದು ಎದುರುಬದುರಾಗಿಯೂ ಇರಲಿಲ್ಲ. ಅವನ್ನು ಕೆಡವಿ ಮತ್ತೆ ನಿಲ್ಲಿಸಲೇಬೇಕು, ತೂಗುಗುಂಡು ಮತ್ತು ದಾರ ಹಿಡಿಯುವುದನ್ನು ಡಿಫಿಲಸ್ ಎಂದಾದರೂ ಕಲಿತಾನು ಎಂದು ಸಿಸೆರೊ ತಮ್ಮನಿಗೆ ಪತ್ರ ಬರೆದನು.

ವಿದ್ಯಾರ್ಥಿ ಮಿತ್ರರೇ, ಈ ಪತ್ರ ಇಂದಿಗೂ ಉಳಿದಿದೆ. ಇತಿಹಾಸವೆಂದರೆ ಯುದ್ಧ ಮತ್ತು ಪಟ್ಟಾಭಿಷೇಕಗಳೆಂದು ಭಾವಿಸುವವರು ಇದನ್ನು ಗಮನಿಸಬೇಕು. ಮನೆ ಕಟ್ಟಿಸುವವನಿಗೂ ಕಟ್ಟುವವನಿಗೂ ನಡುವಣ ಸಂಬಂಧ ಬಹಳ ಹಳೆಯದು. ಅದರಲ್ಲಿ ನಂಬಿಕೆಯೂ ಬೇಕು, ಅಳತೆಯೂ ಬೇಕು. ಇವೆರಡನ್ನೂ ಹೊಂದಿಸಲು ಹಿಂದಿನವರು ಹೇಗೆ ಪ್ರಯತ್ನಿಸಿದರು ಎಂಬುದನ್ನು ನೋಡೋಣ.

ಬ್ಯಾಬಿಲೋನಿನ ದೊರೆ ಹಮ್ಮುರಬಿಯ ಶಾಸನ ಕ್ರಿ.ಪೂ. 18ನೆಯ ಶತಮಾನದ್ದು. 1901ರಲ್ಲಿ ಸೂಸಾದಲ್ಲಿ ದೊರೆತ ಈ ಶಿಲೆ ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೂ ಮರಣದಂಡನೆ ಎನ್ನುತ್ತದೆ ಅದು. ಗೋಡೆ ವಾಲಿದರೆ ಅವನೇ ಸ್ವಂತ ಖರ್ಚಿನಲ್ಲಿ ಭದ್ರಪಡಿಸಬೇಕು. ಕಠಿಣವಾದ ಕಾನೂನು, ಸರಿ. ಆದರೆ ಸತ್ತ ಯಜಮಾನನಿಗೆ ಇದರಿಂದ ಏನು ಬಂತು? ಮನೆ ಕುಸಿಯದಂತೆ ಕಟ್ಟಿಸುವುದು ಹೇಗೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುವುದಿಲ್ಲ.

ಉತ್ತರವನ್ನು ಹುಡುಕಿದವರಲ್ಲಿ ಕೇಟೊ ಒಬ್ಬನು. ಕ್ರಿ.ಪೂ. 234ರಿಂದ 149ರವರೆಗೆ ಬದುಕಿದ್ದ ಈ ರೋಮನ್ ರಾಜಕಾರಣಿ ಬೇಸಾಯದ ಮೇಲೆ ಬರೆದ ಪುಸ್ತಕ ಲ್ಯಾಟಿನ್ ಗದ್ಯದಲ್ಲಿ ಪೂರ್ಣವಾಗಿ ಉಳಿದುಬಂದಿರುವ ಅತಿ ಹಳೆಯ ಕೃತಿ. ಅದರ 14ನೆಯ ಅಧ್ಯಾಯದಲ್ಲಿ ತೋಟದ ಮನೆಯನ್ನು ಗುತ್ತಿಗೆಗೆ ಕೊಡುವ ಕ್ರಮವಿದೆ. ಗುತ್ತಿಗೆದಾರನು ಗೋಡೆ, ತೊಲೆ, ಬಾಗಿಲು, ಕಿಟಕಿ, ದನದ ಕೊಟ್ಟಿಗೆ, ಆಳುಗಳ ಕೋಣೆ ಮುಂತಾದ ಏನೇನನ್ನು ಮಾಡಿಕೊಡಬೇಕೆಂಬ ಪಟ್ಟಿ ಮೊದಲು ಬರುತ್ತದೆ. ಬಳಿಕ ಯಜಮಾನನು ಒದಗಿಸಬೇಕಾದವುಗಳ ಪಟ್ಟಿ: ಮರ, ಕಲ್ಲು, ಸುಣ್ಣ, ಮರಳು, ನೀರು, ಹುಲ್ಲು, ಮಣ್ಣು. ಒಂದು ಗರಗಸ, ಒಂದು ದಾರವೂ ಅವನದೇ. ಮರವನ್ನು ಕಡಿದು ಕೆತ್ತಿ ಸಿದ್ಧಮಾಡುವ ಕೆಲಸ ಮಾತ್ರ ಗುತ್ತಿಗೆದಾರನದು. ನೀರು ಯಾರು ತರಿಸಬೇಕು ಎಂಬ ಜಗಳಕ್ಕೆ ಇಲ್ಲಿ ಎಡೆಯೇ ಇಲ್ಲ.

ಇನ್ನು ದರದ ಮಾತು. ನಮ್ಮಲ್ಲಿ ಚದರಕ್ಕೆ ಇಷ್ಟು ಎನ್ನುವಂತೆ ಕೇಟೊ ಹೆಂಚಿಗೆ ಇಷ್ಟು ಎನ್ನುತ್ತಾನೆ. ಹೆಂಚನ್ನು ಯಾರು ಬೇಕಾದರೂ ಎಣಿಸಬಹುದು. ಓದು ಬಾರದವನಿಗೂ ಮೋಸವಾಗುವುದು ಕಷ್ಟ. ಆದರೆ ಈ ದರಕ್ಕೆ ಅವನು ಒಂದು ಷರತ್ತು ಇಡುತ್ತಾನೆ. ಸಾಮಗ್ರಿಯನ್ನು ಸರಿಯಾಗಿ ಒದಗಿಸಿ, ಹಣವನ್ನು ಪ್ರಾಮಾಣಿಕವಾಗಿ ಸಲ್ಲಿಸುವ ಒಳ್ಳೆಯ ಯಜಮಾನನಿಗೆ ಮಾತ್ರ ಈ ದರ! ರೋಗದ ಹಾವಳಿಯಿಂದ ಬೇಸಿಗೆಯಲ್ಲಿ ಕೆಲಸ ಮಾಡಲಾಗದಂಥ ಜಾಗವಾದರೆ ಒಳ್ಳೆಯ ಯಜಮಾನನು ಕಾಲು ಭಾಗ ಹೆಚ್ಚು ಕೊಡಬೇಕು. ಮುದಿ ಎತ್ತುಗಳ ಜೊತೆಗೆ ಮುದಿ ಗುಲಾಮರನ್ನೂ ಮಾರಿಬಿಡಿ ಎಂದು ಅದೇ ಪುಸ್ತಕದಲ್ಲಿ ಬರೆದ ಕಲ್ಲುಮನಸ್ಸಿನವನು ಈ ಕೇಟೊ. ಅವನಿಗೂ ಯಜಮಾನನ ನಡತೆಗೆ ಬೆಲೆಯಿದೆಯೆಂದು ತಿಳಿದಿತ್ತು.

ಹಣವನ್ನು ಯಾವಾಗ ಕೊಡಬೇಕು? ನೇಪಲ್ಸ್ ಬಳಿಯ ಪುಟಿಯೋಲಿ ಪಟ್ಟಣದ ಒಂದು ಶಾಸನ ಇದನ್ನು ಹೇಳುತ್ತದೆ. ಕ್ರಿ.ಪೂ. 105ರಲ್ಲಿ ಅಲ್ಲಿನ ಸೆರಾಪಿಸ್ ದೇವಾಲಯದ ಮುಂದೆ ಗೋಡೆಯಲ್ಲಿ ಬಾಗಿಲು ತೆರೆದು ಕಟ್ಟುವ ಕೆಲಸವನ್ನು 1500 ಸೆಸ್ಟರ್ಸ್ ನಾಣ್ಯಗಳಿಗೆ ಗುತ್ತಿಗೆ ಕೊಡಲಾಯಿತು. ಇದು ಮನೆಯಲ್ಲ, ಊರಿನ ಕೆಲಸ; ಆದರೂ ಕ್ರಮ ಗಮನಾರ್ಹ. ಬಾಗಿಲು 6 ಅಡಿ ಅಗಲ, 7 ಅಡಿ ಎತ್ತರವಿರಬೇಕು. ಗಾರೆಯಲ್ಲಿ ಅರಳಿಸಿದ ಸುಣ್ಣ ಕಾಲು ಭಾಗ ಇರಬೇಕು. ಗುತ್ತಿಗೆದಾರನು ಜಮೀನನ್ನು ಭದ್ರತೆಯಾಗಿ ಬರೆದುಕೊಟ್ಟ ಮೇಲೆ ಅರ್ಧ ಹಣ, ಕೆಲಸ ಮುಗಿದು ಒಪ್ಪಿಗೆಯಾದ ಮೇಲೆ ಇನ್ನರ್ಧ. ಒಪ್ಪಿಗೆ ಕೊಡುವಾಗ ಪಟ್ಟಣದ ಹಿರಿಯರಲ್ಲಿ ಕನಿಷ್ಠ 20 ಮಂದಿ ಹಾಜರಿರಬೇಕು.

ಕಾಗದ ಎಷ್ಟೇ ಚೆನ್ನಾಗಿದ್ದರೂ ಕಟ್ಟಡದ ಬಳಿ ಕಣ್ಣೊಂದು ಬೇಕು. ಕ್ವಿಂಟಸನಿಗೆ ಆ ಕಣ್ಣು ಅಣ್ಣನಾಗಿದ್ದನು. ಅಣ್ಣ ತಪ್ಪು ಹುಡುಕಲೆಂದೇ ಹೋದವನಲ್ಲ. ನೆಲಹಾಸಿನ ಪಡಸಾಲೆಯನ್ನು ಮನಸಾರೆ ಹೊಗಳಿದ್ದಾನೆ. ಸ್ನಾನಗೃಹದ ಉರಿ ಒಲೆಯು ಮಲಗುವ ಕೋಣೆಗಳ ಕೆಳಗೆ ಬರುವುದನ್ನು ಕಂಡು ಅದನ್ನು ಇನ್ನೊಂದು ಮೂಲೆಗೆ ಸರಿಸಲು ಹೇಳಿದನು. ಪಡಸಾಲೆಯಲ್ಲಿ ಒಂದು ಚಿಕ್ಕ ಅಂಗಳ ಬೇಕೆಂದು ತಮ್ಮ ದೂರದಿಂದ ಬರೆದಿದ್ದನು. ಈಗಿರುವಂತೆಯೇ ಚೆನ್ನಾಗಿದೆ ಎಂದು ಸಿಸೆರೊ ಕಾರಣ ಕೊಟ್ಟು ತಿಳಿಸಿದನು. ಅರ್ಧ ಕಟ್ಟಿದ ಮೇಲೆ ಯೋಜನೆ ಬದಲಿಸುವ ಯಜಮಾನರು ಆಗಲೂ ಇದ್ದರು! ಡಿಫಿಲಸನನ್ನು ಮಾತ್ರ ಕೆಲಸದಿಂದ ಬಿಡಿಸಿದ ಸೂಚನೆ ಪತ್ರದಲ್ಲಿಲ್ಲ. ಕೇಸಿಯಸ್ ಎಂಬುವನು ಜಾಗರೂಕತೆಯಿಂದ ನೋಡಿಕೊಳ್ಳುತ್ತಿದ್ದಾನೆ, ಕೆಲವೇ ತಿಂಗಳಲ್ಲಿ ಕೆಲಸ ಮುಗಿದೀತು ಎಂದಿದ್ದಾನೆ.

ಅದೇ ಪತ್ರದಲ್ಲಿ, ನೀರಿನ ಕಾಲುವೆಯ ವಿಷಯ ಬಂದಾಗ, ಇನ್ನೊಂದು ಸಾಲಿದೆ. ಸಿಲ್ಲೋ ಎಂಬ ಕೆಲಸಗಾರನನ್ನು ವೆನಾಫ್ರಮ್ ಊರಿನಿಂದ ಸಿಸೆರೊ ಕರೆಸಿದ್ದನು. ಆದರೆ ಅದೇ ದಿನ ಅಲ್ಲಿ ಸುರಂಗವೊಂದು ಕುಸಿದು, ಸಿಲ್ಲೋವಿನ ಜೊತೆಯ ಗುಲಾಮರೂ ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದವರೂ ಆದ ನಾಲ್ವರು ಅದರಡಿ ಸಿಕ್ಕಿಬಿದ್ದಿದ್ದರು. ಅವರ ಹೆಸರುಗಳನ್ನು ಸಿಸೆರೊ ಬರೆದಿಲ್ಲ.