ತೊಗರಿ ಸೀಮೆಯಲ್ಲಿ ರ‍್ಯಾಮ್ ಧಾರಣೆ

ಅಫಜಲಪುರ, ಆಳಂದ, ಜೇವರ್ಗಿಯ ರೈತರಿಗೆ ಧಾರಣೆಯ ಆಟ ಹೊಸದಲ್ಲ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ಕಂಡಕಂಡ ಹೊಲಕ್ಕೆಲ್ಲ ತೊಗರಿಯೇ ಬಿತ್ತು, ಮಳೆಯೂ ಕೈಹಿಡಿಯಿತು. ರಾಶಿ ಮುಗಿಯುವ ಹೊತ್ತಿಗೆ ಪೇಟೆಯಲ್ಲಿ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಯೂ ಹುಟ್ಟದೆ, ಖರೀದಿ ಕೇಂದ್ರದ ಮುಂದೆ ಪಾಳಿ ಹಚ್ಚಬೇಕಾಯಿತು. ಕಂಪ್ಯೂಟರಿನ ರ‍್ಯಾಮ್ ಎಂಬ ಮೆಮೊರಿ ಚಿಪ್ಪಿನ ಚರಿತ್ರೆಯೂ ಹೆಚ್ಚುಕಡಿಮೆ ಹೀಗೆಯೇ ಸಾಗಿದೆ. ದರ ಏರಿದಾಗ ಕಂಪನಿಗಳೆಲ್ಲ ಪೈಪೋಟಿಗೆ ಬಿದ್ದು ಕಾರ್ಖಾನೆ ಎಬ್ಬಿಸುತ್ತವೆ. ಅವು ಉತ್ಪಾದನೆಗೆ ಇಳಿಯಲು ಎರಡು ಮೂರು ವರ್ಷ ಬೇಕು. ಎಲ್ಲರ ಮಾಲೂ ಒಮ್ಮೆಲೇ ಪೇಟೆಗೆ ಬಂದಾಗ ದರ ನೆಲಕಚ್ಚುತ್ತದೆ.

ಈ ಚರಿತ್ರೆ ಶುರುವಾದದ್ದು 1970ರಲ್ಲಿ, ಇಂಟೆಲ್ ಕಂಪನಿಯ 1103 ಎಂಬ ಚಿಪ್ಪಿನಿಂದ. ಅದು ಹಿಡಿಸುತ್ತಿದ್ದದ್ದು 1,024 ಬಿಟ್ ಮಾತ್ರ. ಹದಿನೈದೇ ವರ್ಷದಲ್ಲಿ ಜಪಾನಿನ ಕಂಪನಿಗಳು ಎಷ್ಟು ಅಗ್ಗಕ್ಕೆ ಮಾಲು ಬಿಟ್ಟವೆಂದರೆ, 1985ರಲ್ಲಿ ಇಂಟೆಲ್ ಈ ವ್ಯಾಪಾರವನ್ನೇ ಕೈಬಿಟ್ಟಿತು.

ದರ ಏರಲು ಯಾವಾಗಲೂ ದೊಡ್ಡ ಕಾರಣವೇ ಬೇಕೆಂದಿಲ್ಲ. 1993ರ ಜುಲೈ 4ರಂದು ಜಪಾನಿನ ನೀಹಾಮಾದಲ್ಲಿ ಸುಮಿಟೋಮೊ ಕೆಮಿಕಲ್ ಕಂಪನಿಯ ಒಂದು ಘಟಕ ಸ್ಫೋಟಗೊಂಡಿತು. ಅಲ್ಲಿ ಚಿಪ್ಪು ತಯಾರಾಗುತ್ತಿರಲಿಲ್ಲ. ಚಿಪ್ಪಿನ ಕಪ್ಪು ಹೊದಿಕೆಗೆ ಬೇಕಾದ ಎಪಾಕ್ಸಿ ರಾಳ ತಯಾರಾಗುತ್ತಿತ್ತು, ಜಗತ್ತಿಗೆ ಬೇಕಾದುದರಲ್ಲಿ ಅರ್ಧಕ್ಕೂ ಹೆಚ್ಚು. ಸುದ್ದಿ ಹಬ್ಬಿದ ಕೆಲವೇ ವಾರಗಳಲ್ಲಿ ಮೆಮೊರಿ ದರ ಸುಮಾರು ದುಪ್ಪಟ್ಟಾಯಿತು. ಏರಿಸಿದ್ದು ಕೊರತೆಗಿಂತ ಹೆಚ್ಚಾಗಿ ಹೆದರಿಕೆ. ಆಮೇಲೆ ವಿಂಡೋಸ್ 95 ಬರುತ್ತದೆ, ಎಲ್ಲರಿಗೂ ಹೆಚ್ಚು ಮೆಮೊರಿ ಬೇಕಾಗುತ್ತದೆ ಎಂದು ಕಂಪನಿಗಳು ಲೆಕ್ಕ ಹಾಕಿ ತಯಾರಿಕೆ ಹೆಚ್ಚಿಸಿದವು. ಲೆಕ್ಕ ತಲೆಕೆಳಗಾಯಿತು. 1996ರ ಆರಂಭದಲ್ಲಿ ಮೆಗಾಬೈಟಿಗೆ 30 ಡಾಲರಿನ ಆಸುಪಾಸಿನಲ್ಲಿದ್ದ ದರ ವರ್ಷದ ಕೊನೆಗೆ ಐದಾರು ಡಾಲರಿಗೆ ಇಳಿಯಿತು. ಆ ಜನವರಿಯಲ್ಲಿ ಕೊಂಡವರ ಪಾಡು ಯಾರಿಗೂ ಬೇಡ.

1999ರ ಸೆಪ್ಟೆಂಬರ್ 21ರಂದು ತೈವಾನಿನಲ್ಲಿ ಭೂಕಂಪವಾದಾಗ ಮತ್ತೆ ಏರಿಕೆ. 2001ರಲ್ಲಿ ಮತ್ತೆ ಕುಸಿತ. ಇವೇ ವರ್ಷಗಳಲ್ಲಿ ದೊಡ್ಡ ತಯಾರಕರು ಒಳಗೊಳಗೇ ಕೂಡಿ ದರ ನಿಗದಿ ಮಾಡಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಅದು ಬಯಲಾಗಿ, ಸ್ಯಾಮ್‌ಸಂಗ್ 30 ಕೋಟಿ ಡಾಲರ್, ಹೈನಿಕ್ಸ್ 18.5 ಕೋಟಿ, ಇನ್ಫಿನಿಯಾನ್ 16 ಕೋಟಿ ದಂಡ ತೆತ್ತವು. ಅಡತಿ ಅಂಗಡಿಗಳ ಒಳಒಪ್ಪಂದ ಕಂಡುಂಡ ಈ ಸೀಮೆಯವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

ಇದೇ ಸೀಮೆಯ ದತ್ತಕ್ಷೇತ್ರ ಗಾಣಗಾಪುರದ ಸುತ್ತಿನ ಹಳ್ಳಿಯವರು ಕಂಪ್ಯೂಟರಿನ ಮುಂದೆ ಪಾಳಿ ನಿಂತದ್ದೂ ಸರಿಸುಮಾರು ಆ ದಿನಗಳಲ್ಲೇ. ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಕೈಬರಹದ ಪಹಣಿಯ ಕಾಲ ಮುಗಿದು, ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಹಾಳೆ ಕೈಗೆ ಬರತೊಡಗಿತು. ಇಂದು ಆ ಕೆಲಸ ಊರೂರಿನ ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರಿಗೆ ಬಂದಿದೆ. ಪಹಣಿ, ಆಧಾರ್, ಬೆಳೆವಿಮೆ, ವಿದ್ಯಾರ್ಥಿವೇತನ, ಜೊತೆಗೆ ಸಂಗಮಕ್ಕೂ ದತ್ತನ ಪಾದುಕೆಗೂ ಬರುವ ಯಾತ್ರಿಕರ ರೈಲು ಟಿಕೆಟ್. ಬ್ರೌಸರಿನಲ್ಲಿ ಹತ್ತು ಪುಟ ತೆರೆದು, ಪಕ್ಕಕ್ಕೆ ಕನ್ನಡ ಟೈಪಿಂಗಿನ ನುಡಿ, ಹಿಂದೆ ಸ್ಕ್ಯಾನರ್ ಓಡಿಸಿದರೆ 4 ಜಿಬಿಯ ಯಂತ್ರ ಏದುಸಿರು ಬಿಡುತ್ತದೆ. ಕೆಲವೊಮ್ಮೆ ಶುರುವೇ ಆಗದೆ ಬೀಪ್ ಬೀಪ್ ಎನ್ನುತ್ತದೆ. ಆಗ ರಿಪೇರಿಯವನು ಮಾಡುವ ಮೊದಲ ಕೆಲಸ, ರ‍್ಯಾಮ್ ಕಡ್ಡಿಯನ್ನು ಕಿತ್ತು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಟಕ್ಕೆಂದು ಸದ್ದು ಬರುವಂತೆ ಮತ್ತೆ ಕೂರಿಸುವುದು. ಎಷ್ಟೋ ಪ್ರಕರಣಗಳು ಅಲ್ಲೇ ಮುಗಿಯುತ್ತವೆ.

ಅಲ್ಲಿಗೆ ಮುಗಿಯದೆ ಹೊಸ ಕಡ್ಡಿ ಕೊಳ್ಳಬೇಕಾದವರಿಗೆ ಈಗ ಕಷ್ಟಕಾಲ. 2012ರಲ್ಲಿ ಜಪಾನಿನ ಎಲ್ಪಿಡಾ ದಿವಾಳಿಯಾದ ಮೇಲೆ ಜಗತ್ತಿನ ಈ ವ್ಯಾಪಾರದ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರ ಕೈಯಲ್ಲಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಕೇಳುವ ಎಚ್‌ಬಿಎಂ ಎಂಬ ಮೆಮೊರಿಗೆ, ಅಷ್ಟೇ ಬಿಟ್‌ಗಳ ಸಾಮಾನ್ಯ ಕಂಪ್ಯೂಟರಿನ ಡಿಡಿಆರ್5 ಪೀಳಿಗೆಯ ಮೆಮೊರಿಗಿಂತ ಸುಮಾರು ಮೂರು ಪಟ್ಟು ಸಿಲಿಕಾನ್ ಬಿಲ್ಲೆ ಬೇಕು. ಲಾಭವೂ ಅಲ್ಲೇ ಹೆಚ್ಚು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ದರ ಎರಡು ಮೂರು ಪಟ್ಟಾಯಿತು. ಡಿಸೆಂಬರಿನಲ್ಲಿ ಮೈಕ್ರಾನ್, ಬಿಡಿ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಸಾರಿತು. ಇತ್ತ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದು, ಹಳೆಯ ಯಂತ್ರದವರೆಲ್ಲ ಅದೇ ಹೊತ್ತಿಗೆ ಪೇಟೆಗೆ ಬಂದರು.

ಗುಜರಾತಿನ ಸಾಣಂದದಲ್ಲಿ ಮೈಕ್ರಾನ್ ಕಾರ್ಖಾನೆ ಇದೆಯಲ್ಲ, ಇನ್ನು ಅಗ್ಗವಾಗಬಹುದು ಎಂದು ನಂಬಿ ಕೂತವರಿದ್ದಾರೆ. ಅಲ್ಲಿ ನಡೆಯುವುದು ಹೊರದೇಶದಿಂದ ಬಂದ ಬಿಲ್ಲೆಗಳ ಜೋಡಣೆ ಮತ್ತು ಪರೀಕ್ಷೆ. ಬಿಲ್ಲೆಯ ಕೊರತೆಗೆ ಅದು ಮದ್ದಲ್ಲ.

ಹಾಗಾದರೆ ಕೊಳ್ಳುವುದು ಯಾವಾಗ? ಆರು ತಿಂಗಳು ತಡೆದರೆ ಅಗ್ಗವಾಗುತ್ತದೆ ಎಂಬ ಹಳೆಯ ಲೆಕ್ಕ ಈ ಸಲ ನಡೆಯುವ ಲಕ್ಷಣವಿಲ್ಲ. ಮೈಕ್ರಾನ್ ಅಮೆರಿಕದ ಐಡಾಹೊದಲ್ಲಿ ಕಟ್ಟುತ್ತಿರುವ ಕಾರ್ಖಾನೆ ಮೊದಲ ಬಿಲ್ಲೆ ತೆಗೆಯುವುದೇ 2027ರಲ್ಲಿ. ಯಂತ್ರ ನಿಂತು ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಿದ್ದರೆ 8 ಜಿಬಿಯ ಒಂದೇ ಕಡ್ಡಿ ಈಗಲೇ ಕೊಳ್ಳುವುದು ಸರಿ. 32 ಜಿಬಿಯ ಆಸೆಯನ್ನು ದರ ಇಳಿಯುವ ತನಕ ಮುಂದೂಡಬಹುದು. ಹಳೆಯ ಪೀಳಿಗೆಯ ಮಾಲು ಅಗ್ಗವೆಂಬುದೂ ನಿಯಮವಲ್ಲ. ಡಿಡಿಆರ್4 ತಯಾರಿಕೆ ನಿಲ್ಲುತ್ತದೆಂಬ ಸುದ್ದಿಗೆ 2025ರ ಜೂನಿನಲ್ಲಿ ಸಗಟು ಪೇಟೆಯಲ್ಲಿ ಅದು ಡಿಡಿಆರ್5ಕ್ಕಿಂತ ತುಟ್ಟಿಯಾಗಿತ್ತು. ರ‍್ಯಾಮ್ ಬೇಗ ಸವೆಯುವ ವಸ್ತುವಲ್ಲವಾದ್ದರಿಂದ, ಮೂಲೆಗೆ ಬಿದ್ದ ಹಳೆಯ ಯಂತ್ರದಿಂದ ತೆಗೆದ ಕಡ್ಡಿಯೂ ಚೆನ್ನಾಗಿಯೇ ದುಡಿಯುತ್ತದೆ. ಆದರೆ ಅದರ ಹಲ್ಲುಗಳ ನಡುವಿನ ಕಚ್ಚು ಎಲ್ಲಿದೆ ಎಂದು ನೋಡಿಯೇ ಹಣ ಎಣಿಸಬೇಕು. ಡಿಡಿಆರ್3ರ ಕಡ್ಡಿ ಡಿಡಿಆರ್4ರ ಸ್ಲಾಟಿನಲ್ಲಿ ಕೂರುವುದಿಲ್ಲ, ಎಷ್ಟೇ ಒತ್ತಿದರೂ.