ಟ್ಯಾಪೆಟ್ ಸದ್ದು ಮಾಡಿದರೆ ಒಳ್ಳೇದಂತೆ!

ನಾನು ಚಿಕ್ಕವನಿದ್ದಾಗ ಅಪ್ಪನ ಹತ್ತಿರ ಒಂದು ಹಳೇ ಪೆಟ್ರೋಲ್ ಅಂಬಾಸಿಡರ್ ಇತ್ತು. ಸರ್ವೀಸಿಗೆ ಬಿಟ್ಟಾಗಲೆಲ್ಲ ಮೇಸ್ತ್ರಿ ಎಂಜಿನ್ ಮೇಲಿನ ಮುಚ್ಚಳ ತೆಗೆದು, ವಾಲ್ವ್ ಮತ್ತು ರಾಕರ್ ನಡುವೆ ಫೀಲರ್ ಗೇಜಿನ ತೆಳ್ಳನೆ ಪಟ್ಟಿ ತೂರಿಸಿ ನೋಡುತ್ತಿದ್ದರು. "ಟಕ ಟಕ ಅಂದ್ರೆ ಭಯ ಇಲ್ಲ ಮರಿ, ಸುಮ್ಮನಾದ್ರೇ ಭಯ" ಅನ್ನೋರು. ಆಗ ಅರ್ಥ ಆಗಿರಲಿಲ್ಲ. ಹೋದ ವರ್ಷ ಆಯ್ತು, ದುಡ್ಡು ಕೊಟ್ಟು!

ವಿಷಯ ಇಷ್ಟೇ. ಬಿಸಿಯಾದಾಗ ವಾಲ್ವ್ ಉದ್ದವಾಗುತ್ತೆ, ಅದಕ್ಕೇ ಮಿಲಿಮೀಟರಿನ ಒಂದು ಚೂರು ಸಂದು ಬಿಟ್ಟಿರುತ್ತಾರೆ. ಸಂದು ಹೆಚ್ಚಾದರೆ ಸದ್ದು. ಸಂದೇ ಇಲ್ಲದಿದ್ದರೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಇಳಿಸೋದೇ ಸೀಟಿನ ಮೂಲಕ. ಅದು ತಪ್ಪಿದರೆ ಸುಟ್ಟುಹೋಗುತ್ತೆ, ಒಂಚೂರೂ ಸದ್ದಿಲ್ಲದೆ.

ಈ ತಲೆನೋವೇ ಬೇಡ ಅಂತ 1930ರಲ್ಲೇ ಕ್ಯಾಡಿಲಾಕ್ ತನ್ನ ವಿ-16 ಕಾರಿನಲ್ಲಿ ಆಯಿಲ್ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ವ್ಯವಸ್ಥೆ ತಂದಿತ್ತು. ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿ, 1983ರಲ್ಲಿ ಬಂದ ಮಾರುತಿ 800 ಎಲ್ಲಕ್ಕೂ ಸ್ಕ್ರೂ ತಿರುಗಿಸಿಯೇ ಹೊಂದಿಸಬೇಕಿತ್ತು. ಆಮೇಲೆ ಗಟ್ಟಿ ಸೀಟುಗಳು, ಒಳ್ಳೆ ಲೋಹ, ಒಳ್ಳೆ ಆಯಿಲ್ ಬಂದವು. ಸೀಟಿಗೆ ಒಂಥರಾ ಲೇಪನವಾಗಿ ಕಾಪಾಡುತ್ತಿದ್ದ ಸೀಸ 2000ದಲ್ಲಿ ದೇಶದ ಪೆಟ್ರೋಲಿನಿಂದ ಹೋಯಿತು. ಗಟ್ಟಿ ಸೀಟಿನ ಎಂಜಿನ್‌ಗಳಿಗೆ ಅದರ ಹಂಗಿರಲಿಲ್ಲ. ಹೀಗೆ ಫೀಲರ್ ಗೇಜ್ ಮೆಲ್ಲಗೆ ಮೂಲೆ ಸೇರಿತು.

ನನ್ನದು ಸೆಕೆಂಡ್ ಹ್ಯಾಂಡ್ ಕಾರು, ಸಿಎನ್‌ಜಿ ಕಿಟ್ ಹಾಕಿಸಿದ್ದು, ಹೈಡ್ರಾಲಿಕ್ ಅಲ್ಲ. ಗ್ಯಾಸ್ ಒಣ ಇಂಧನ, ಸೀಟು ಬೇಗ ಸವೆಯುತ್ತೆ. ಸೀಟು ಸವೆದಂತೆ ಸಂದು ಕಮ್ಮಿಯಾಗುತ್ತೆ. ಡೀಲರ್ ಹತ್ತಿರ ಎರಡು ಸಲ ಕೇಳಿದೆ. "ಸದ್ದೇ ಇಲ್ವಲ್ಲ ಸಾರ್, ಯಾಕೆ ಬಿಚ್ಚೋದು?" ಅಂದ್ರು. ಮೂರನೇ ಸಲ ಹೋದಾಗ ಒಂದು ಸಿಲಿಂಡರಿನಲ್ಲಿ ಕಂಪ್ರೆಷನ್ನೇ ಇರಲಿಲ್ಲ. ಬಿಲ್ಲು ನನ್ನ ಎರಡು ತಿಂಗಳ ಮನೆ ಬಾಡಿಗೆ ದಾಟಿತು.

ಅವರ ಕಷ್ಟವೂ ಇದೆ ಅನ್ನಿ. ಬಹಳಷ್ಟು ಎಂಜಿನ್‌ಗಳಲ್ಲಿ ಇದನ್ನು ತಣ್ಣಗಿರುವಾಗಲೇ ಅಳೆಯಬೇಕು. ಬೆಳಿಗ್ಗೆ ಬಿಟ್ಟು ಸಂಜೆ ಒಯ್ಯುವ ಸರ್ವೀಸಿನಲ್ಲಿ ಅಷ್ಟು ಹೊತ್ತು ಕಾಯೋರ್ಯಾರು? ಬಕೆಟ್ ಟ್ಯಾಪೆಟ್ ಇದ್ದರೆ ಸ್ಕ್ರೂ ಕೂಡ ಇರಲ್ಲ, ಶಿಮ್ಮನ್ನೋ ಬಕೆಟ್ಟನ್ನೋ ಬದಲಿಸಲು ಕ್ಯಾಮ್‌ಶಾಫ್ಟೇ ಬಿಚ್ಚಬೇಕಾಗಬಹುದು.

ಹಾಗಾಗಿ ಎಲ್ಲ ಕಾರಿಗೂ ಪ್ರತಿ ಸಲ ನೋಡಿ ಅನ್ನಲ್ಲ. ಹೈಡ್ರಾಲಿಕ್ ಇದ್ದರೆ ನೋಡೋದೇನೂ ಇಲ್ಲ. ಇಲ್ಲದಿದ್ದರೆ, ಅದರಲ್ಲೂ ಗ್ಯಾಸಿನಲ್ಲಿ ಓಡುವ ಕಾರಿಗೆ, ಇಷ್ಟು ಕಿಲೋಮೀಟರಿಗೊಮ್ಮೆ ಅಳೆಯಲೇಬೇಕು, ಅಳತೆಯನ್ನು ಬಿಲ್ಲಿನಲ್ಲಿ ಬರೆದುಕೊಡಬೇಕು. ಸದ್ದು ಬರಲಿ ಅಂತ ಕಾಯೋದು, ಎರರ್ ಬಂದಿಲ್ಲ ಅಂತ ಟೆಸ್ಟ್ ಮಾಡದೇ ಕೋಡ್ ರಿಲೀಸ್ ಮಾಡಿದ ಹಾಗೆ. ಆ ತಪ್ಪನ್ನು ನಾನೂ ಆಫೀಸಿನಲ್ಲಿ ಮಾಡಿದ್ದೀನಿ, ಅದಕ್ಕೇ ಡೀಲರ್ ಮೇಲೆ ಜಾಸ್ತಿ ಕೂಗಾಡಲಿಲ್ಲ :)