ಬೀದರ ಸೀಮೆಯ ಮಾಯಿ ಭಾಗೋ

ನಮ್ಮ ಅಕ್ಕೋಳದ ಕಡೆಯಿಂದ ಕಲ್ಯಾಣಯಾತ್ರೆಗೆ ಹೊರಡುವ ಸದ್ಭಕ್ತರು ಬಸವಕಲ್ಯಾಣದ ದರ್ಶನವನ್ನು ಮುಗಿಸಿ, ಬೀದರದ ಕೋಟೆಯನ್ನೂ ನಾನಕ ಝರಾವನ್ನೂ ಕಂಡು ಹಿಂದಿರುಗುವುದುಂಟು. ಬೀದರದಿಂದ ಸುಮಾರು 10 ಕಿಲೋಮೀಟರು ದೂರದ ಜನವಾಡಕ್ಕೆ ಹೋಗುವವರು ವಿರಳ. ಅಲ್ಲಿರುವ ಗುರುದ್ವಾರವು ಓರ್ವ ಸ್ತ್ರೀಯ ತಪಃಸ್ಥಾನವಾಗಿರುವುದು.

ಆಕೆಯೇ ಮಾಯಿ ಭಾಗೋ. ಪಂಜಾಬದ ಝಬಾಲ ಗ್ರಾಮದವಳು. ಆನಂದಪುರದ ಮುತ್ತಿಗೆಯಲ್ಲಿ ಹಸಿವೆಯ ಬಾಧೆಯನ್ನು ತಾಳಲಾರದೆ, ಗುರು ಗೋವಿಂದಸಿಂಹರಿಗೆ ತಾವು ಶಿಷ್ಯರಲ್ಲವೆಂದು ಬರೆದುಕೊಟ್ಟು ನಾಲ್ವತ್ತು ಜನ ಯೋಧರು ಊರಿಗೆ ಮರಳಿದರಷ್ಟೆ. ಭಾಗೋ ಅವರನ್ನು ಧಿಕ್ಕರಿಸಿ, ಗಂಡುಡುಗೆಯನ್ನುಟ್ಟು ಕುದುರೆಯನ್ನೇರಿ, ಅವರನ್ನೇ ಹಿಂದಕ್ಕೆ ಕರೆತಂದಳೆಂದು ಸಿಖ್ಖರ ಪರಂಪರೆಯು ಹೇಳುವುದು. 1705ರಲ್ಲಿ ಖಿದ್ರಾನಾ ಕೆರೆಯ ಬಳಿ ನಡೆದ ಯುದ್ಧದಲ್ಲಿ ಆ ನಾಲ್ವತ್ತು ಜನರೂ ಮಡಿದರು. ಗುರುಗಳು ಅವರ ತ್ಯಾಗಪತ್ರವನ್ನು ಹರಿದೊಗೆದು ಅವರನ್ನು ಮುಕ್ತರೆಂದು ಕರೆದರು. ಆ ಸ್ಥಳವೇ ಈಗಿನ ಮುಕ್ತಸರ. ಗಾಯಗೊಂಡು ಬದುಕುಳಿದ ಭಾಗೋ ಗುರುಗಳ ಅಂಗರಕ್ಷಕಳಾಗಿ ನಾಂದೇಡದವರೆಗೂ ಬಂದಳು. 1708ರಲ್ಲಿ ಗುರುಗಳು ದೇಹವಿಟ್ಟ ಬಳಿಕ ಪಂಜಾಬಕ್ಕೆ ಮರಳದೆ ಜನವಾಡದಲ್ಲಿ ನೆಲೆಸಿ, ಧ್ಯಾನದಲ್ಲಿಯೇ ಆಯುಷ್ಯವನ್ನು ಕಳೆದಳು. 1699ರಲ್ಲಿ ಗುರುಗಳ ಕರೆಗೆ ಶಿರವೊಡ್ಡಿ ನಿಂತ ಐವರು ಪ್ರಿಯರಲ್ಲಿ ಒಬ್ಬರಾದ ಸಾಹಿಬಸಿಂಹರೂ ಬೀದರದವರೇ ಎಂಬುದನ್ನು ಇಲ್ಲಿ ನೆನೆಯಬೇಕು.

ಭಾಗೋವಿನ ಧೈರ್ಯವು ಬರಿಯ ಅವಳೊಬ್ಬಳ ಸ್ವಭಾವಗುಣವಲ್ಲ. ಆ ಪಂಥದ ನೆಲದಲ್ಲಿಯೇ ಅದಕ್ಕೆ ಬೇರಿದ್ದಿತು. ಮೂರನೆಯ ಗುರು ಅಮರದಾಸರು ಸಹಗಮನವನ್ನೂ ಮೋರೆಮುಸುಕನ್ನೂ ಖಂಡಿಸಿದ್ದರು. ಎರಡನೆಯ ಗುರು ಅಂಗದರ ಪತ್ನಿ ಮಾತೆ ಖೀವಿಯ ದಾಸೋಹದ ಪ್ರಶಂಸೆಯು ಗ್ರಂಥಸಾಹಿಬದಲ್ಲಿಯೇ ಸೇರಿದೆ.

ಹೀಗಿದ್ದರೂ ಆಚಾರವು ತತ್ತ್ವದ ಹೆಜ್ಜೆಗೆ ಹೆಜ್ಜೆಯನ್ನಿಡಲಿಲ್ಲ. 1925ರ ಗುರುದ್ವಾರ ಕಾಯಿದೆಯು ಸ್ತ್ರೀಯರಿಗೂ ಮತಾಧಿಕಾರವನ್ನು ಕೊಟ್ಟಿತು. ಆದರೆ ಪ್ರಬಂಧಕ ಸಮಿತಿಯ ಅಧ್ಯಕ್ಷಸ್ಥಾನಕ್ಕೆ ಓರ್ವ ಮಹಿಳೆ, ಬೀಬಿ ಜಾಗೀರ ಕೌರ, ಬಂದುದು 1999ರಲ್ಲಿ. ಅಮೃತಸರದ ಹರಿಮಂದಿರದ ಗರ್ಭಸ್ಥಾನದಲ್ಲಿ ಕೀರ್ತನಸೇವೆಯು ಪುರುಷರದಾಗಿಯೇ ಉಳಿದಿದ್ದುದರಿಂದ, ಸ್ತ್ರೀಯರಿಗೂ ಅವಕಾಶವೀಯಬೇಕೆಂದು ಪಂಜಾಬದ ವಿಧಾನಸಭೆಯು 2019ರಲ್ಲಿ ನಿರ್ಣಯ ಮಾಡಬೇಕಾಯಿತು.

ಇದನ್ನೋದಿ ಪರರ ಮನೆಯ ಕೊರತೆಯೆಂದು ನಾವು ನಗುವಂತಿಲ್ಲ. ಕಲ್ಯಾಣದಲ್ಲಿ ಹೆಣ್ಣಿಗೂ ಗಂಡಿಗೂ ಒಂದೇ ಇಷ್ಟಲಿಂಗವು ಕರಸ್ಥಲಕ್ಕೆ ಬಂದಿತು. ಅನುಭವಗೋಷ್ಠಿಯಲ್ಲಿ ಅಕ್ಕಮಹಾದೇವಿಯು ಅಲ್ಲಮಪ್ರಭುವಿಗೆ ಇದಿರಾಗಿ ಮಾತನಾಡಿದಳು. ಮಠಗಳ ಪೀಠಗಳಾದರೋ ಪುರುಷರಿಗೇ ಸಂದವು. ಧಾರವಾಡದ ಅಕ್ಕಮಹಾದೇವಿ ಅನುಭವಪೀಠದಲ್ಲಿ ಮಾತೆ ಮಹಾದೇವಿಯವರು ಜಗದ್ಗುರುಗಳಾದುದು 1970ರಲ್ಲಿ. ಅಷ್ಟರಲ್ಲಿ ಕಲ್ಯಾಣದ ಶರಣರ ಕಾಲವು ಕಳೆದು ಎಂಟು ಶತಮಾನಗಳಾಗಿದ್ದವು.